ಬೂಟಜ್ಜನ ಬಲಗಾಲು

"ಬಿಸಿ ಜಾಸ್ತಿ ಆಯ್ತಾ ಅಪ್ಪಾ?" ಎನ್ನುತ್ತಲೇ ಅವಳು ಅಪ್ಪನ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಬೋಗುಣಿಯ ನೀರಿಗೆ ಇಳಿಸಿದಳು. ಎಡಗಾಲು ತೊಳೆದು, ಒರೆಸಿ, ಎಣ್ಣೆ ಸವರಿ ಆಗಿತ್ತು. ಅದಕ್ಕೆ ಎರಡು ನಿಮಿಷ ಸಾಕು. ಬಲಗಾಲಿಗೆ ಅರ್ಧ ಗಂಟೆ.

"ನೀನು ಕಾಯಿಸಿದ ನೀರು ಯಾವತ್ತು ಬಿಸಿ ಇತ್ತು?" ಅಂದ ಅಪ್ಪ. ಮಂಚದ ಅಂಚಿನಲ್ಲಿ ಕೂತು ಗೋಡೆಗೆ ಬೆನ್ನು ಕೊಟ್ಟಿದ್ದ.

"ಹಾಗಾದ್ರೆ ನಾಳೆಯಿಂದ ನೀನೇ ಕಾಯಿಸ್ಕೋ."

"ಕಾಯಿಸ್ಕೊಳ್ಳೋ ಹಾಗಿದ್ದಿದ್ರೆ ಮಗಳನ್ನ ಯಾಕೆ ಸಾಕ್ತಿದ್ದೆ?"

ಅವಳು ನಕ್ಕು ಸೋಪು ಉಜ್ಜಿದಳು. ಕೋಣೆಯ ಚಿಲಕ ಹಾಕಿತ್ತು. ಕಾಲು ತೊಳೆಯುವ ಹೊತ್ತಿನಲ್ಲಿ ಚಿಲಕ ಹಾಕುವುದು ಆ ಮನೆಯಲ್ಲಿ ಅವಳು ಚಿಕ್ಕವಳಿದ್ದಾಗಿನಿಂದ ನಡೆದು ಬಂದದ್ದು. ಮೊದಲು ಅಮ್ಮ ತೊಳೆಯುತ್ತಿದ್ದಳು. ಅಮ್ಮ ಹೋದಮೇಲೆ ಇವಳು. ಮೊಣಕಾಲಿನ ಕೆಳಗಿನಿಂದ ಊದಿಕೊಂಡ ಆ ಕಾಲು ಮಡಿಕೆ ಮಡಿಕೆಯಾಗಿ ಪಾದದ ಮೇಲೆ ಇಳಿದಿತ್ತು. ಚರ್ಮ ಹಳೆಯ ಮರದ ತೊಗಟೆಯ ಹಾಗೆ ಗಂಟುಗಂಟು. ಬೆರಳುಗಳನ್ನು ಹುಡುಕಿ ಹುಡುಕಿ ತೊಳೆಯಬೇಕು. ಪ್ರತಿ ಮಡಿಕೆಯ ನಡುವೆ ಬೆರಳು ಹಾಕಿ ತಿಕ್ಕಬೇಕು, ಆಮೇಲೆ ಅಷ್ಟೇ ಜೋಪಾನವಾಗಿ ಒರೆಸಬೇಕು. ಎಲ್ಲಾದರೂ ಒದ್ದೆ ಉಳಿದರೆ ಸಂಜೆಯ ಹೊತ್ತಿಗೆ ಹುಣ್ಣು, ರಾತ್ರಿ ಜ್ವರ. ಇದೆಲ್ಲ ಆದಮೇಲೆ ಕಾಲುಚೀಲ, ಅದರ ಮೇಲೆ ಅಪ್ಪ ತಾನೇ ಹೊಲಿದುಕೊಂಡಿದ್ದ ದೊಡ್ಡ ಬೂಟು, ಅದರ ಮೇಲೆ ನೆಲ ಗುಡಿಸುವಷ್ಟು ಉದ್ದದ ಅಗಲ ಪ್ಯಾಂಟು. ಚಿಲಕ ತೆಗೆದು ಹೊರಗೆ ಬರುವಾಗ ಅವನು ಒಂದು ಕಾಲು ಸ್ವಲ್ಪ ಎಳೆದು ನಡೆಯುವ ಒಬ್ಬ ಮುದುಕ, ಅಷ್ಟೇ.

"ಪುಟ್ಟಿಗೆ ಒಂದೇ ಜಡೆ ಹಾಕಿ ಬಂದಿದೀನಿ," ಅಂದಳು. "ಒಲೆ ಮೇಲೆ ಹಾಲಿಟ್ಟಿದೀನಿ. ಬೇಗ ಬೇಗ ಮುಗಿಸೋಣ. ಆ ಹಲ್ಲು ಬಿದ್ದ ಹುಡುಗನ ಬೂಟು ಆಯ್ತಾ? ಅವನ ಕಾಲು ಅದ್ಹೇಗೆ ಬೆಳೀತಿದೆಯೋ, ತಿಂಗಳಿಗೊಂದು ಸಲ ಬಂದು ನಿಲ್ತಾನೆ."

ಅಪ್ಪ ಏನೂ ಹೇಳಲಿಲ್ಲ.

"ಹೂಂ ಅನ್ನಪ್ಪ. ನಾನೊಬ್ಬಳೇ ಮಾತಾಡ್ತಿದೀನಿ."

ಅವಳು ಮೂರನೆಯ ಮಡಿಕೆ ತೊಳೆದಳು. ನಾಲ್ಕನೆಯದನ್ನೂ ತೊಳೆದಳು. ಹೊರಗೆ ಹಾಲು ಉಕ್ಕಿ ಸೀದ ವಾಸನೆ ಬಂತು. "ಅಯ್ಯೋ, ಹಾಲು!" ಎಂದು ಮುಖ ಎತ್ತಿದಳು. ಅಪ್ಪನ ಕಣ್ಣುಗಳು ತೆರೆದೇ ಇದ್ದವು. ಅವು ಅವಳನ್ನು ನೋಡುತ್ತಿರಲಿಲ್ಲ.

ಚಿಲಕ ತೆಗೆದದ್ದು, ಗಂಡನನ್ನು ಕೂಗಿದ್ದು ಅವಳಿಗೆ ನೆನಪಿಲ್ಲ. ನೆನಪಿರುವುದು ಬಾಗಿಲಲ್ಲಿ ನಿಂತಿದ್ದ ಪುಟ್ಟಿ. ಏಳು ವರ್ಷದ ಮಗು, ಒಂದು ಕಡೆ ಜಡೆ, ಇನ್ನೊಂದು ಕಡೆ ಕೆದರಿದ ಕೂದಲು. ಅವಳು ಅಜ್ಜನ ಮುಖ ನೋಡುತ್ತಿರಲಿಲ್ಲ. ಬೋಗುಣಿಯೊಳಗೆ ನೋಡುತ್ತಿದ್ದಳು.

•

ಪುಟ್ಟಿಯ ತಾಯಿಗೆ ಎಂಟು ವರ್ಷವಿದ್ದಾಗ ಅಪ್ಪನಿಗೆ ವಿಪರೀತ ಜ್ವರ ಬಂದು ಆಸ್ಪತ್ರೆಗೆ ಹೋಗಿದ್ದರು. ಜೊತೆಗೆ ಇವಳೂ ಇದ್ದಳು. ನರ್ಸಮ್ಮ ಪ್ಯಾಂಟು ಮೇಲೆತ್ತು ಅಂದಾಗ ಅಪ್ಪ ಎತ್ತಲಿಲ್ಲ. ಆಕೆಯೇ ಬಗ್ಗಿ ಎತ್ತಿದಳು. ಸುತ್ತಿದ್ದ ಬಟ್ಟೆ ಬಿಚ್ಚಿ, ಬರಿಗೈಯಲ್ಲಿ ಕಾಲು ಹಿಡಿದುಕೊಂಡಳು.

"ಮುಟ್ಟಬೇಡಿ ನರ್ಸಮ್ಮ, ಅಂಟುತ್ತೆ."

"ಯಾರು ಹೇಳಿದ್ದು?"

"ಎಲ್ಲರೂ."

"ಎಲ್ಲರೂ ಓದಿದ್ದು ಯಾವ ಕಾಲೇಜಲ್ಲಿ?" ಅಂದಳು ನರ್ಸಮ್ಮ. "ಎಲ್ಲಿ ಬೆಳೆದದ್ದು ನೀನು?"

"ಇಟ್ಟಿಗೆ ಗೂಡಲ್ಲಿ. ಮಣ್ಣು ತುಳಿಯೋ ಕೆಲಸ. ಐದು ವರ್ಷದವನಿದ್ದಾಗಿಂದ."

"ಕಾಲಿಗೆ ಏನು ಹಾಕ್ಕೋತಿದ್ದೆ?"

ಅಪ್ಪನಿಗೆ ನಗು ಬಂತು. ತಲೆಗೆ ಯಾವ ಕಿರೀಟ ಇಟ್ಕೋತಿದ್ದೆ ಎಂದು ಕೇಳಿದಂತಿತ್ತು.

ನರ್ಸಮ್ಮ ನಗಲಿಲ್ಲ. "ಇದು ಸೊಳ್ಳೆ ಕಚ್ಚಿ ಬರೋ ಆನೆಕಾಲಲ್ಲ. ಆ ಮಣ್ಣಿನ ನುಣ್ಣನೆ ಪುಡಿ ಚರ್ಮದ ಒಳಗೆ ಇಳಿದು ಇಳಿದು ಹೀಗಾಗೋದು, ವರ್ಷಗಟ್ಟಲೆ. ಒಬ್ಬರಿಂದ ಒಬ್ಬರಿಗೆ ಬರಲ್ಲ. ದಿನಾ ತೊಳ್ಕೊ, ಒಣಗಿಸ್ಕೊ, ಮುಚ್ಚಿಟ್ಕೊ. ಪೂರ್ತಿ ಇಳಿಯಲ್ಲ, ಜಾಸ್ತಿಯಾಗಲ್ಲ."

"ಮೊದಲೇ ಬಂದಿದ್ರೆ ಔಷಧಿ ಇತ್ತಾ?"

"ಔಷಧಿ ಯಾಕೆ? ಚಿಕ್ಕಂದಿನಲ್ಲಿ ಕಾಲಿಗೊಂದು ಬೂಟು ಹಾಕಿದ್ದಿದ್ರೆ ಬರ್ತಾನೇ ಇರ್ಲಿಲ್ಲ."

"ಇಷ್ಟೇನಾ?" ಅಂದ ಅಪ್ಪ.

ಮೂರನೆಯ ದಿನ ಅವನು ತನ್ನ ರಿಪೇರಿ ಪೆಟ್ಟಿಗೆಯ ಅಡಿಯಿಂದ ಯಾರೋ ಬಿಟ್ಟುಹೋಗಿದ್ದ ಹಳೆಯ ಶಾಲಾಬೂಟುಗಳನ್ನು ತೆಗೆದು, ಟೈರು ಕೊಯ್ದು ಅಡಿ ಹೊಲಿಯತೊಡಗಿದ. ಶಾಲೆಯ ಗೇಟಿನ ಪಕ್ಕ ಕೂತು ಚಪ್ಪಲಿ ಹೊಲಿಯುವವನಿಗೆ ಹಳೆಯ ಬೂಟಿಗೇನು ಬರ. ವಾರದಲ್ಲಿ ಆರು ಜೊತೆ ಆಯಿತು. ಗೋಣಿಚೀಲಕ್ಕೆ ತುಂಬಿ, ಇವಳ ಕೈ ಹಿಡಿದು ಇಟ್ಟಿಗೆ ಗೂಡಿಗೆ ಹೋದ. ಅಲ್ಲಿಯವರ ಮುಂದೆ ಪ್ಯಾಂಟು ಮೇಲೆತ್ತಿ ಕಾಲು ತೋರಿಸಿದ. "ನೋಡಿ. ನಿಮ್ಮ ಮಕ್ಕಳಿಗೆ ಇದು ಆಗಬಾರದು. ಅದಕ್ಕೇ ತಂದಿದೀನಿ."

ಅವರು ಬೂಟು ಇಸಕೊಂಡರು. ತಂದೆ ಮಗಳು ಇನ್ನೂ ರಸ್ತೆ ಸೇರಿರಲಿಲ್ಲ, ಹಿಂದಿನಿಂದ ರಬ್ಬರು ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ ಒಬ್ಬ ಹೆಂಗಸು ಕೋಲಿನಲ್ಲಿ ಬೂಟುಗಳನ್ನು ಒಂದೊಂದಾಗಿ ಗೂಡಿನ ಬೆಂಕಿಬಾಯಿಗೆ ತಳ್ಳುತ್ತಿದ್ದಳು. ಕೈಯಿಂದ ಮುಟ್ಟುತ್ತಿರಲಿಲ್ಲ.

"ತಪ್ಪು ನಂದೇ," ಅಂದ ಅಪ್ಪ. "ಕಾಲು ತೋರಿಸಬಾರದಿತ್ತು."

ಚಿಲಕ ಬಂದದ್ದು ಆ ರಾತ್ರಿಯಿಂದ. ಆ ಗೂಡಿನವರು ಬಿಟ್ಟುಹೋಗಿ ಹೊಸ ಕೆಲಸದವರು ಬರುವವರೆಗೆ ಅವನು ಕಾದ. ಆಮೇಲೆ ಅಗಲ ಪ್ಯಾಂಟು ಹಾಕಿಕೊಂಡು, ಅದೇ ಗೋಣಿಚೀಲ ಹೊತ್ತು ಮತ್ತೆ ಹೋದ.

•

ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಚವನ್ನು ಮುಂದಿನ ಕೋಣೆಗೆ ತಂದಿದ್ದರು. ಗಂಡ ಗುಂಡಿ ತೋಡಿಸಲು ಹೋಗಿದ್ದ. ಅವಳ ಹೆಗಲ ಮೇಲೆ ಬೆಳಗಿನ ಟವೆಲ್ಲು ಹಾಗೇ ಇತ್ತು. ಯಾರೋ ತೆಗೆಯಲು ಬಂದರೆ ಕೊಟ್ಟಿರಲಿಲ್ಲ. ಒಳಗಿನ ಕೋಣೆಯಲ್ಲಿ ಬೋಗುಣಿಯೂ ಹಾಗೇ ಇತ್ತು. ಸೋಪಿನ ನೊರೆ ಆರಿ ನೀರು ಬೆಳ್ಳಗೆ ನಿಂತಿತ್ತು.

ದರ್ಜಿ ಕೆಲಸದ ಚಿಕ್ಕಪ್ಪ ಹೊಸ ಬಿಳಿ ಬಟ್ಟೆ ತಂದಿದ್ದ. ಮನೆಯವರನ್ನು ಬಿಟ್ಟರೆ, ಅಲ್ಲಿ ಸೇರಿದ್ದವರಲ್ಲಿ ಅಣ್ಣನ ಕಾಲಿನ ಸುದ್ದಿ ಗೊತ್ತಿದ್ದದ್ದು ಅವನೊಬ್ಬನಿಗೇ. ಆ ಕಾಲಿನಿಂದ ತನ್ನ ಮದುವೆ ಎರಡು ಸಲ ಮುರಿಯಿತೆಂದು ಹತ್ತು ವರ್ಷ ಮಾತು ಬಿಟ್ಟಿದ್ದವನು ಇವತ್ತು ಮೊದಲು ಮಾಡಿದ ಕೆಲಸ, ಅಣ್ಣನ ಕಾಲ ಬಳಿ ಬಟ್ಟೆಯನ್ನು ಎರಡು ಮಡಿಕೆ ಮಡಿಚಿ, ಬಾಯಲ್ಲಿ ಕಚ್ಚಿಕೊಂಡಿದ್ದ ನಾಲ್ಕು ಗುಂಡುಪಿನ್ನು ಸಾಲಾಗಿ ಚುಚ್ಚಿದ್ದು.

"ಬೂಟು ಹಾಕ್ಬೇಕು ಚಿಕ್ಕಪ್ಪ," ಅಂದಳು ಅವಳು, ಮೆಲ್ಲಗೆ.

"ಹೋದವರಿಗೆ ಯಾರಾದ್ರೂ ಬೂಟು ಹಾಕ್ತಾರೇನಮ್ಮ? ಅದು ಈಗ ಕಾಲಿಗೆ ಹೋಗೋದೂ ಇಲ್ಲ. ಸುಮ್ಮನಿರು. ಅವನು ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದನ್ನ ಇನ್ನೆರಡು ಗಂಟೆ ನಾವು ಕಾಪಾಡೋಣ."

ಅವಳು ತಲೆಯಾಡಿಸಿದಳು. ಅದು ಸರಿಯೇ. ಆದರೆ ಅವಳ ಮನಸ್ಸು ಒಂದೇ ಕಡೆ ನಿಂತುಬಿಟ್ಟಿತ್ತು. ಬಲಗಾಲು ಒರೆಸಿರಲಿಲ್ಲ.

ಪಕ್ಕದ ಮನೆಯ ಇಸ್ತ್ರಿಯವಳು ಬಂದವರಿಗೆಲ್ಲ ಬೆಳಗಿನ ಜಗಳವನ್ನೇ ಹೇಳುತ್ತಿದ್ದಳು. "ಆರು ಗಂಟೆಗೆ ನನ್ನ ಹತ್ರ ಜಗಳ ಆಡಿದ ಮನುಷ್ಯ ಕಣ್ರೀ. ನನ್ನ ಇಸ್ತ್ರಿಪೆಟ್ಟಿಗೆ ಕೆಂಡ ಅವನ ಟೈರಿನ ಮೇಲೆ ಬಿತ್ತಂತೆ. ನಿನ್ನನ್ನೇ ಮಡಿಚಿ ಇಸ್ತ್ರಿ ಹಾಕ್ತೀನಿ ಹೋಗಯ್ಯ ಅಂದೆ. ಬಾಯಿ ತಪ್ಪಿ ಅಂದಿದ್ದು. ಆರಕ್ಕೆ ಬೈದ್ರೆ ಏಳಕ್ಕೆ ಹೀಗೆ ಮಾಡೋದಾ? ಸಂಜೆಗೆ ಮತ್ತೆ ಬೈಯೋಕೆ ಬರ್ತೀನಿ ಅಂದಿದ್ದ!" ಎಂದು ಮೂಗು ಒರೆಸಿಕೊಂಡಳು.

ಪುಟ್ಟಿ ಬಾಗಿಲ ಬಳಿಯ ಹಲಗೆಯ ಮೇಲೆ ಕೂತಿದ್ದಳು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಅತ್ತಿರಲೂ ಇಲ್ಲ. ತಾಯಿ ಹೋಗಿ ಪಕ್ಕದಲ್ಲಿ ಕೂತು, ಬಿಟ್ಟುಹೋಗಿದ್ದ ಎರಡನೆಯ ಜಡೆ ಹೆಣೆಯತೊಡಗಿದಳು.

"ಏನಾದ್ರೂ ಕೇಳ್ಬೇಕಾ ಪುಟ್ಟಿ?"

ಮಗು ಬಾಯಿ ತೆರೆಯಿತು. ಮುಚ್ಚಿತು. ತಲೆ ಅಲ್ಲಾಡಿಸಿತು.

ಮಗಳ ಬಾಯಲ್ಲಿ ಒಂದು ಪ್ರಶ್ನೆ ಇದೆಯೆಂದು ತಾಯಿಗೆ ಗೊತ್ತಿತ್ತು. ಯಾವುದೆಂದೂ ಗೊತ್ತಿದೆ ಅಂದುಕೊಂಡಿದ್ದಳು. ನನ್ನ ಕಾಲೂ ಹಾಗಾಗುತ್ತಾ ಎಂದು ಕೇಳುತ್ತಾಳೆ. ಜನರ ನಡುವೆ ಕೇಳಿಬಿಟ್ಟರೆ? ಸದ್ಯ, ಮಣ್ಣು ಮಾಡಿ ಮುಗಿಯುವವರೆಗೆ ಕೇಳದಿದ್ದರೆ ಸಾಕು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಗಿ ಜಡೆಯನ್ನು ಸ್ವಲ್ಪ ಗಟ್ಟಿಯಾಗಿಯೇ ಎಳೆದಳು.

ಎರಡು ಗಂಟೆಗೆ ಇಟ್ಟಿಗೆ ಗೂಡಿನವರು ಬಂದರು. ಕೆಲಸ ನಿಲ್ಲಿಸಿ, ಮೈಮೇಲಿನ ಕೆಂಪು ಮಣ್ಣು ಕೂಡ ತೊಳೆಯದೆ ಬಂದಿದ್ದರು. ಜೊತೆಗೆ ಮಕ್ಕಳು, ಹನ್ನೆರಡೋ ಹದಿಮೂರೋ. ಎಲ್ಲರ ಕಾಲಲ್ಲೂ ಬೂಟು. ಟೈರಿನ ಅಡಿ, ಬೇರೆ ಬೇರೆ ಬಣ್ಣದ ಲೇಸು. ಹೊರಗೆ ಬರಿಗಾಲು ನೆಲಕ್ಕೆ ತಾಗಬಾರದು ಎಂಬುದು ಬೂಟಜ್ಜನ ಕಾನೂನು. ಅದಕ್ಕೆಂದೇ ಬಾಗಿಲಲ್ಲಿ ಆ ಹಲಗೆ ಹಾಕಿಸಿದ್ದ. ಮಕ್ಕಳು ಸಾಲಾಗಿ ಅದರ ಮೇಲೆ ಕೂತು ಬೂಟು ಬಿಚ್ಚಿ, ಲೇಸಿಗೆ ಲೇಸು ಗಂಟು ಹಾಕಿ ಜೋಡಿ ಮಾಡಿಟ್ಟು, ಒಳಗೆ ಬಂದರು. ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಲ್ಲರಿಗಿಂತ ಜೋರಾಗಿ ಅತ್ತವಳು ಹಲ್ಲು ಬಿದ್ದ ಹುಡುಗನ ತಾಯಿ. ತಲೆಯ ಮೇಲೆ ಇಟ್ಟಿಗೆ ಹೊರುವವಳು. ಬೂಟಜ್ಜ ಅವಳನ್ನು ಚಿಕ್ಕಂದಿನಿಂದ ಕರೆಯುತ್ತಿದ್ದದ್ದು ಬರಿಗಾಲ ರಾಣಿ ಎಂದು.

"ನಂಗೆ ಬೂಟು ಅಂದ್ರೆ ಆಗ್ತಿರ್ಲಿಲ್ಲ ಅಕ್ಕಾ. ಬಿಚ್ಚಿ ಬಿಚ್ಚಿ ಮಣ್ಣಿನ ಗುಂಡಿಗೆ ಎಸೀತಿದ್ದೆ. ಮೂರು ಸಲ ಗುಂಡಿಗಿಳಿದು ಹುಡುಕಿ ತಂದ, ತೊಳೆದು ಹಾಕಿದ. ನಾಲ್ಕನೇ ಸಲ ಎಸೆದ್ರೆ ಏನ್ಮಾಡ್ತೀಯ ಅಂದೆ. ನಾಲ್ಕನೇ ಸಲಾನೂ ಇಳೀತೀನಿ ಕಣೇ ರಾಣಿ, ನಂಗೇನು ಬೇರೆ ಕೆಲಸ ಅಂದ."

"ಕುಂಬಳಕಾಯಿ ಅಂತಿದ್ದ," ಎಂದಳು ಇನ್ನೊಬ್ಬಳು.

"ಹೂಂ! ಬೂಟು ಹಾಕ್ಕೊಳ್ಳದಿದ್ರೆ ಕಾಲು ಕುಂಬಳಕಾಯಿ ಆಗುತ್ತೆ ಅಂತ. ಆಗ್ಲಿ ಬಿಡು, ಉರುಳಿಸ್ಕೊಂಡು ಹೋಗ್ತೀನಿ ಅಂತಿದ್ದೆ ನಾನು."

ಅಳುತ್ತಿದ್ದವರೆಲ್ಲ ನಕ್ಕರು. ರಾಣಿಯೂ ನಕ್ಕು, ಮತ್ತೆ ಅತ್ತಳು. ಪುಟ್ಟಿ ಮಾತ್ರ ನಗಲಿಲ್ಲ. ಕುಂಬಳಕಾಯಿ ಅಂದಾಗ ಅವಳು ತಿರುಗಿ ಮಂಚದ ಕಾಲುಗಡೆ, ಪಿನ್ನು ಚುಚ್ಚಿದ ಬಟ್ಟೆಯ ಉಬ್ಬನ್ನೇ ನೋಡಿದಳು.

•

ಭಾನುವಾರ ಅಳತೆಯ ದಿನ. ಮಗುವನ್ನು ಹಳೆಯ ಪೇಪರಿನ ಮೇಲೆ ನಿಲ್ಲಿಸಿ, ಬೂಟಜ್ಜ ನೆಲಕ್ಕೆ ಕೂತು, ಬಲಗಾಲನ್ನು ಮಡಚಲಾರದೆ ಉದ್ದಕ್ಕೆ ಚಾಚಿ, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆಯುತ್ತಿದ್ದ. ಕಚಗುಳಿಯಾಗಿ ಮಗು ಕಾಲೆತ್ತಿದರೆ ಗೆರೆ ಸೊಟ್ಟ. "ಅಲುಗಾಡಿದ್ರೆ ಬಾತುಕೋಳಿ ಬೂಟು ಹೊಲಿದುಬಿಡ್ತೀನಿ ನೋಡು." ಆಮೇಲೆ ಗೆರೆಯ ಆಚೆ ತನ್ನ ಹೆಬ್ಬೆರಳಿಟ್ಟು, ಅದರಷ್ಟು ಅಗಲ ಜಾಗ ಬಿಟ್ಟು ಇನ್ನೊಂದು ಗೆರೆ. "ಇದು ಬೆಳೆಯೋಕೆ."

ಬೂಟಿನ ನಾಲಿಗೆಯ ಒಳಬದಿಗೆ ಕೆಂಪು ದಾರದ ಒಂದು ಹೊಲಿಗೆ ಹಾಕುತ್ತಿದ್ದ. ಕಾಲು ಬೆಳೆದು ಬೂಟು ಚಿಕ್ಕದಾದಾಗ ವಾಪಸು ತಂದುಕೊಡಬೇಕು. ಮುಂದಿನ ಮಗುವಿಗೆ ಹೋಗುವಾಗ ಎರಡನೆಯ ಹೊಲಿಗೆ. ಲೇಸು ಕಟ್ಟಿ ಜೋಡಿ ಮಾಡುವ ಕೆಲಸ ಪುಟ್ಟಿಯದು.

"ಅಜ್ಜಾ, ನಿನ್ನ ಬೂಟು ಯಾಕೆ ಒಂದು ದೊಡ್ಡದು, ಒಂದು ಚಿಕ್ಕದು?" ಎಂದು ಅವಳು ಒಮ್ಮೆ ಕೇಳಿದ್ದಳು.

"ದೊಡ್ಡದರಲ್ಲಿ ನನ್ನ ದುಡ್ಡೆಲ್ಲ ಬಚ್ಚಿಟ್ಟಿದೀನಿ. ಯಾರಿಗೂ ಹೇಳಬೇಡ."

ಪುಟ್ಟಿ ಯಾರಿಗೂ ಹೇಳಿರಲಿಲ್ಲ.

•

ಮೂರು ಗಂಟೆಗೆ ಚಿಕ್ಕಪ್ಪ, ಇನ್ನು ಎತ್ತೋಣ ಎಂದ. ಹೊರಗೆ ಗಾಡಿ ಬಂದಿತ್ತು. ಕೋಣೆಯಲ್ಲಿ ಎಲ್ಲರೂ ಎದ್ದು ನಿಂತರು.

ಅವಳಿಗೆ ಕೇಳಿಸಿದ್ದು ಒಂದೇ, ಇನ್ನು ಹೊತ್ತಿಲ್ಲ ಎಂಬುದು. ಅವಳು ಮಂಚದ ಕಾಲುಗಡೆ ಹೋಗಿ ನೆಲಕ್ಕೆ ಕೂತಳು. ನಾಲ್ಕು ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಬಾಯಲ್ಲಿ ಕಚ್ಚಿಕೊಂಡಳು. ಬಟ್ಟೆ ಸರಿಸಿದಳು. ಹೆಗಲಿನಿಂದ ಟವೆಲ್ಲು ತೆಗೆದು ಬಲಗಾಲಿನ ಮೊದಲ ಮಡಿಕೆಯೊಳಗೆ ಬೆರಳಿಟ್ಟು ಒರೆಸತೊಡಗಿದಳು. ದಿನವೂ ಮಾಡಿದಂತೆಯೇ, ಮೇಲಿನಿಂದ ಕೆಳಗೆ. ಎರಡನೆಯ ಮಡಿಕೆ. ಮೂರನೆಯದು. ಒಳಗೆ ಇನ್ನೂ ತೇವವಿತ್ತು.

"ಸ್ವಲ್ಪ ಎತ್ತು ಅಪ್ಪಾ," ಅಂದಳು, ಪಿನ್ನು ಕಚ್ಚಿದ ಹಲ್ಲುಗಳ ನಡುವಿನಿಂದ.

ಆಗಲೇ ಅವಳಿಗೆ ಕೋಣೆಯ ಮೌನ ಕೇಳಿಸಿದ್ದು. ತಲೆ ಎತ್ತಿದಳು. ಇವತ್ತು ಚಿಲಕ ಹಾಕಿರಲಿಲ್ಲ.

ಗೋಡೆಯವರೆಗೂ ಜನ ಹಿಂದೆ ಸರಿದಿದ್ದರು. ಮಕ್ಕಳ ಕಣ್ಣಿನ ಮೇಲೆ ತಾಯಂದಿರ ಕೈ. ಬೆಳಗಿನಿಂದ ಅಪ್ಪನ ತಲೆ ಸವರುತ್ತಿದ್ದ ಇಸ್ತ್ರಿಯವಳು ತನ್ನ ಅಂಗೈಯನ್ನು ಬಟ್ಟೆಗೆ ಉಜ್ಜಿಕೊಳ್ಳುತ್ತಿದ್ದಳು. ಅದು ಅವಳಿಗೇ ತಿಳಿದಂತಿರಲಿಲ್ಲ.

"ಆನೆಕಾಲು," ಎಂದಿತು ಒಂದು ಗಂಡು ಧ್ವನಿ.

"ಹೇಳಿದ್ನಲ್ಲಮ್ಮ," ಎಂದ ಚಿಕ್ಕಪ್ಪ. ಅವನ ಧ್ವನಿ ಅಳುವಂತಿತ್ತು. "ಮುಚ್ಚಿಡು ಅಂತ ಹೇಳಿದ್ನಲ್ಲ."

ಮೊದಲು ಅಲುಗಿದವಳು ರಾಣಿ. ಮಗನ ರಟ್ಟೆ ಹಿಡಿದು ಬಾಗಿಲಿಗೆ ಎಳೆದುಕೊಂಡು ಹೋದಳು. ಹುಡುಗ ಹಲಗೆಯ ಮೇಲೆ ಕೂತು ಅಭ್ಯಾಸದಂತೆ ಬೂಟಿಗೆ ಕೈ ಹಾಕಿದ. ಅವಳು ಅವನ ಕೈಗೆ ಹೊಡೆದಳು. ಬೂಟುಗಳನ್ನು ಕಾಲಿನಿಂದ ಅಂಗಳಕ್ಕೆ ಒದ್ದಳು.

"ಹಾಕ್ಕೋಬೇಡ! ಮುಟ್ಟಬೇಡ ಅದನ್ನ!"

ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ. ಟೈರಿನ ಅಡಿಗಳು ಒಂದರ ಮೇಲೊಂದು ಅಂಗಳದಲ್ಲಿ ಬಿದ್ದವು. ಮಕ್ಕಳು ಹಲಗೆಯ ಅಂಚಿನಲ್ಲಿ ನಿಂತು ಕೆಳಗಿನ ಕೆಂಪು ನೆಲವನ್ನು ನೋಡಿದರು. ಇಳಿಯಬೇಕೋ ಬಾರದೋ ಗೊತ್ತಾಗದೆ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡು ನಿಂತರು. ಹಲ್ಲು ಬಿದ್ದ ಹುಡುಗ ಅಳತೊಡಗಿದ. "ಅಜ್ಜ ಬೈತಾನೆ," ಅಂದ.

ಅವಳು ಪಿನ್ನುಗಳನ್ನು ಉಗುಳಿ ಬಾಗಿಲಿಗೆ ಓಡಿದಳು. "ಅಂಟಲ್ಲ ರಾಣಿ! ಇದು ಅಂಟಲ್ಲ ಕಣೇ. ನೋಡು, ನೋಡಿಲ್ಲಿ ನನ್ನ ಕೈ. ದಿನಾ ತೊಳೀತೀನಿ. ಹದಿನಾಲ್ಕು ವರ್ಷದಿಂದ ನಾನೇ ತೊಳೀತಿದೀನಿ. ನನ್ನ ಕೈಗೇನಾಗಿದೆ?"

ಎರಡೂ ಕೈ ಚಾಚಿದಳು. ಸೋಪು ತಿಂದು ಬೆಳ್ಳಗಾದ ಬೆರಳುಗಳು. ಯಾರೂ ಹತ್ತಿರ ಬರಲಿಲ್ಲ.

"ಅಂಟದೇ ಇದ್ರೆ ಇಷ್ಟು ವರ್ಷ ಮುಚ್ಚಿಟ್ಟಿದ್ದು ಯಾಕಕ್ಕಾ?" ಅಂದಳು ರಾಣಿ. ಕೋಪದಿಂದಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಂತಿತ್ತು. ಅವಳ ಗಲ್ಲದ ಮೇಲೆ ಈಗಷ್ಟೇ ಅತ್ತ ನೀರು ಇನ್ನೂ ಆರಿರಲಿಲ್ಲ. "ನನ್ನ ಕಾಲು ಹಿಡಿದು ಗೆರೆ ಎಳೆದ. ನನ್ನ ಮಗನ ಕಾಲು ಹಿಡಿದ. ಒಂದು ದಿನ, ಒಂದೇ ಒಂದು ದಿನ ಹೇಳಬಾರದಿತ್ತಾ?"

ಬೂಟಜ್ಜನ ಮಗಳ ಗಂಟಲಿನಲ್ಲಿ ಆಸ್ಪತ್ರೆ ಇತ್ತು, ನರ್ಸಮ್ಮ ಇದ್ದಳು, ಗೂಡಿನ ಬೆಂಕಿಬಾಯಿಯಲ್ಲಿ ಸುಟ್ಟ ಆರು ಜೊತೆ ಇತ್ತು. ಒಂದೂ ಹೊರಗೆ ಬರಲಿಲ್ಲ. ಅವಳು ರಾಣಿಯ ಮುಖ ನೋಡಲಾರದೆ ಕೆಳಗೆ ನೋಡಿದಳು. ಹಲಗೆಯ ಮೇಲೆ ರಾಣಿಯ ಬರಿಯ ಪಾದಗಳಿದ್ದವು. ಇಪ್ಪತ್ತೆರಡು ವರ್ಷ ಇಟ್ಟಿಗೆ ಗೂಡಿನಲ್ಲಿ ದುಡಿದ ಹೆಂಗಸಿನ ಪಾದಗಳು. ಸಣ್ಣವು, ನೇರ, ಐದೈದು ಬೆರಳು ಒಂದರ ಪಕ್ಕ ಒಂದು, ಯಾರೋ ಪೆನ್ಸಿಲಿನಿಂದ ಗೆರೆ ಎಳೆದಿಟ್ಟ ಹಾಗೆ.

ಆಗ ಪುಟ್ಟಿ ಅಂಗಳದಲ್ಲಿರುವುದು ಕಾಣಿಸಿತು. ತನ್ನ ಬೂಟು ಹಾಕಿಕೊಂಡು, ಲೇಸು ಕಟ್ಟಿಕೊಂಡು, ಯಾವಾಗ ಇಳಿದಳೋ. ಬೂಟಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಚ್ಚಿಹೋದ ಜೋಡಿಗಳನ್ನು ಹುಡುಕಿ ಹುಡುಕಿ ಲೇಸಿಗೆ ಲೇಸು ಗಂಟು ಹಾಕುತ್ತಿದ್ದಳು. ಎಡದ್ದಕ್ಕೆ ಬಲದ್ದು. ಅವಳ ಕೈ ಅವಸರ ಮಾಡಲಿಲ್ಲ. ಅಳುತ್ತಿದ್ದ ಹುಡುಗ ಅಳು ನಿಲ್ಲಿಸಿ ನೋಡಿದ. ತಾಯಂದಿರೂ ನೋಡಿದರು. ಕೊನೆಗೆ ಅವಳು ಒಂದು ಜೊತೆಯನ್ನು ಎದೆಗವಚಿಕೊಂಡು ಎದ್ದಳು. ನಾಲಿಗೆಯಲ್ಲಿ ನಾಲ್ಕು ಕೆಂಪು ಹೊಲಿಗೆಗಳಿದ್ದ, ಹಲ್ಲು ಬಿದ್ದ ಹುಡುಗನ ಜೊತೆ.

ಹಲಗೆಯ ಮೇಲೆ ತನ್ನ ಬೂಟು ಬಿಚ್ಚಿಟ್ಟು ಒಳಗೆ ಬಂದಳು. ಜನ ದಾರಿ ಬಿಟ್ಟರು. ರಾಣಿಯ ಪಾದಗಳ ಮುಂದೆ ಒಂದು ಗಳಿಗೆ ನಿಂತು ಅವನ್ನು ನೋಡಿದಳು. ಆಮೇಲೆ ಮಂಚದತ್ತ ತಿರುಗಿದಳು. ಬಟ್ಟೆ ಸರಿದು, ಅರ್ಧ ಒರೆಸಿದ ಬಲಗಾಲು ಎಲ್ಲರ ಎದುರು ಹಾಗೇ ಇತ್ತು.

ತಾಯಿಗೆ ಗೊತ್ತಾಯಿತು, ಈಗ ಕೇಳುತ್ತಾಳೆ. ತಡೆಯಲು ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು.

ಪುಟ್ಟಿ ಬೂಟಿನ ಜೊತೆಯನ್ನು ಅಜ್ಜನ ಕಾಲಿನ ಪಕ್ಕ ಮಂಚದ ಮೇಲೆ ಇಟ್ಟಳು. ಬೆಳಗಿನಿಂದ ಮುಚ್ಚಿದ್ದ ಧ್ವನಿ ಒಡಕು ಒಡಕಾಗಿ, ಆದರೆ ಕೋಣೆಯ ಮೂಲೆಗೂ ಕೇಳುವಷ್ಟು ಜೋರಾಗಿ ಬಂತು.

"ಅಮ್ಮಾ, ಅಜ್ಜ ಚಿಕ್ಕವನಿದ್ದಾಗ ಅವನಿಗೆ ಯಾರೂ ಬೂಟು ಕೊಡ್ಲೇ ಇಲ್ವಾ?"